ಅವ ಅತ್ತದ್ದು ಸಾಕು, ಎಂತ ಮಾಡಿದ ಹೇಳು: ನಾಟಕದ ಪಾತ್ರ ಕಷ್ಟದಲ್ಲಿ ಬದಲಾಗೋದನ್ನ ಕಟ್ಟೋದು ಹೇಗೆ

ಮುಂಬೈಯಲ್ಲಿ ಹಗಲು ಆಫೀಸು, ಅಕೌಂಟ್ಸು, ರಾತ್ರಿ ಎಂಟರ ಮೇಲೆ ನಾಟಕ, ಇಪ್ಪತ್ತು ವರ್ಷದಿಂದ ನಂದು ಇದೇ ಕಥೆ. ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ನು, ಮಾಹಿಮ್‌ನಲ್ಲಿ ಕರ್ನಾಟಕ ಸಂಘ ಅಂತ ಎಲ್ಲಿ ಕನ್ನಡ ನಾಟಕ ಅಂದ್ರೂ ಹೋಗಿ ಕೂರ್ತಿದ್ದೆ, ನೋಡಿ ನೋಡಿ ಚಪಲ ಹತ್ತಿ ಕೊನೆಗೆ ನಾನೇ ಒಂದು ಬರೆದೆ. 1982ರ ಮುಂಬೈ ಬಟ್ಟೆ ಗಿರಣಿ ಮುಷ್ಕರದ ಕಾಲದ್ದು. ಭೋಜ ಅಂತ ಒಬ್ಬ, ಊರು ಕುಂದಾಪುರದ ಕಡೆ, ಮಿಲ್ಲಿನಲ್ಲಿ ಸಾಂಚಾ, ಅಂದ್ರೆ ಮಗ್ಗ, ನಡೆಸೋನು, ಲಾಲ್‌ಬಾಗ್ ಚಾಳಿನ, ಅಂದ್ರೆ ಸಾಲು ಸಾಲು ರೂಮಿನ ಕಟ್ಟಡದ, ಒಂದು ಖೋಲಿಯಲ್ಲಿ ಏಳೆಂಟು ಗಂಡಸರ ಜೊತೆ ಇದ್ದಾನೆ, ಹೆಂಡತಿ ಮಗಳು ಊರಲ್ಲಿ. ಕೆಳಗಿನ ಮಹಡಿಯಲ್ಲಿ ಗಿರಿಜಕ್ಕನ ಖಾನಾವಳಿ, ಇವರೆಲ್ಲರ ಊಟ ಅಲ್ಲೇ.

ಮೊದಲನೇ ಶೋ ಮಣ್ಣು ಮುಕ್ಕಿತು. ಯಾಕೆ ಅಂದ್ರೆ ನಾನು ಭೋಜನಿಗೆ ಕಷ್ಟ ಕೊಟ್ಟದ್ದು ಹೇಗೆ ಗೊತ್ತುಂಟಾ, ಅಪ್ಪ ಸತ್ತ ಅಂತ ಒಂದು ಟೆಲಿಗ್ರಾಮು, ಅಮ್ಮ ಸತ್ಲು ಅಂತ ಇನ್ನೊಂದು ಟೆಲಿಗ್ರಾಮು, ಮಗಳಿಗೆ ಜ್ವರ ಅಂತ ಮೂರನೇದು. ಭೋಜನ ಪಾತ್ರ ಮಾಡಿದ ನಮ್ಮ ಹೋಟೆಲ್ ಕ್ಯಾಶಿಯರಣ್ಣ ಎರಡು ಗಂಟೆ ಅತ್ತ, ನಿಜವಾದ ಕಣ್ಣೀರು, ಗ್ಲಿಸರಿನ್ ಅಲ್ಲ. ಎರಡನೇ ಟೆಲಿಗ್ರಾಮಿನ ಹೊತ್ತಿಗೆ ಮೂರನೇ ಸಾಲಲ್ಲಿ ಯಾರೋ ಚಕ್ಕುಲಿ ಪ್ಯಾಕೆಟ್ ಒಡೆದ ಸದ್ದು ವಿಂಗಲ್ಲಿ ನಿಂತಿದ್ದ ನನಗೇ ಕೇಳಿಸ್ತು. ಶೋ ಮುಗಿದ ಮೇಲೆ ಒಬ್ರು ಅಜ್ಜಿ ಮೆಲ್ಲ ಹತ್ರ ಬಂದು ನನ್ನ ಕೈ ಹಿಡ್ಕೊಂಡು, "ಮಗಾ, ಅವ ಅತ್ತದ್ದು ಸಾಕಾಯ್ತು, ಅವ ಎಂತ ಮಾಡಿದ ಹೇಳು" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಅವ ಏನೂ ಮಾಡಿರ್ಲಿಲ್ಲ, ಅತ್ತಿದ್ದ ಅಷ್ಟೇ.

ಆಮೇಲೆ ಒಂದು ವರ್ಷ ಕೂತು ಅದೇ ನಾಟಕ ಮತ್ತೆ ಬರೆದೆ. ಆ ವರ್ಷ ಕಲಿತದ್ದನ್ನ ಇಲ್ಲಿ ಹಾಕ್ತಿದ್ದೇನೆ, ಬರೆಯೋರಿಗೂ ಆಗ್ತದೆ, ಆಡ್ಸೋರಿಗೂ ಆಗ್ತದೆ, ಪಾರ್ಟ್ ಮಾಡೋರಿಗೆ ಇನ್ನೂ ಜಾಸ್ತಿ ಆಗ್ತದೆ ಅನ್ಸತ್ತೆ.

ಹೆಜ್ಜೆ 1: ಬರೆಯೋಕೆ ಕೂರೋ ಮೊದಲು ಹೋಗಿ ಕೇಳಿ, ಆದ್ರೆ ಸರಿಯಾದ ಪ್ರಶ್ನೆ ಕೇಳಿ

ಮುಷ್ಕರ ಶುರುವಾದದ್ದು 1982ರ ಜನವರಿ 18ಕ್ಕೆ, ಕಾರ್ಮಿಕ ಮುಖಂಡ ದತ್ತಾ ಸಾಮಂತ್ ನಾಯಕತ್ವ, ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದ್ರು, ಇದೆಲ್ಲ ಎಲ್ಲಿ ಬೇಕಾದ್ರೂ ಸಿಗ್ತದೆ. ಇದನ್ನ ಓದಿಯೇ ನಾನು ಮೊದಲ ಸಲ ಬರೆದದ್ದು. ಎರಡನೇ ಸಲ ನಮ್ಮ ಬಿಲ್ಡಿಂಗಿನ ಒಬ್ರು ಹಿರಿಯರ ಹತ್ರ ಹೋದೆ, ಅವರು ಆಗ ಮಿಲ್ಲಿನಲ್ಲಿ ಇದ್ದೋರು. ಹೋದವನೇ "ತುಂಬಾ ಕಷ್ಟ ಆಯ್ತಾ ಸರ್" ಅಂತ ಕೇಳಿದೆ, ಎಂಥ ದಡ್ಡ ಪ್ರಶ್ನೆ ಮಾರಾಯ್ರೆ, ಅವರು "ಆಯ್ತಪ್ಪ, ಎಲ್ಲರಿಗೂ ಆಯ್ತು" ಅಂತ ಹೇಳಿ ಟಿವಿ ಕಡೆ ತಿರುಗಿದ್ರು. ಮುಂದಿನ ವಾರ ಮತ್ತೆ ಹೋಗಿ "ಬೆಳಿಗ್ಗೆ ಎದ್ದ ಕೂಡ್ಲೇ ಎಂತ ಮಾಡ್ತಿದ್ರಿ ಆಗ" ಅಂತ ಕೇಳಿದೆ. ಒಂದೂವರೆ ಗಂಟೆ ಮಾತಾಡಿದ್ರು. ಮಿಲ್ಲಿನ ಸೈರನ್‌ಗೆ ಅಲ್ಲಿ ಭೋಂಗಾ ಅಂತಾರೆ, ಮೂರು ಪಾಳಿಗೂ ಭೋಂಗಾ ಕೂಗ್ತಿತ್ತು, ಇಡೀ ಗಿರಣಗಾಂವ್, ಅಂದ್ರೆ ಮಿಲ್ಲುಗಳಿದ್ದ ಆ ಭಾಗ, ಏಳ್ತಿದ್ದದ್ದು ಮಲಗ್ತಿದ್ದದ್ದು ಅದರ ಮೇಲೇ. ಅದು ನಿಂತ ಮೇಲೆ ಇವರಿಗೆ ಗಂಟೆ ಎಷ್ಟು ಅಂತಾನೇ ಗೊತ್ತಾಗ್ತಿರ್ಲಿಲ್ಲವಂತೆ, ಅಭ್ಯಾಸದಲ್ಲಿ ಎಚ್ಚರ ಆಗಿ ಕೂತ್ಕೊಂಡು ಕಾಯ್ತಿದ್ರಂತೆ, ಭೋಂಗಾ ಕೂಗ್ಲಿಲ್ಲ ಅಂತ ಮತ್ತೆ ಮಲಗೋದು, ನಿದ್ದೆ ಬಾರದು. ನನ್ನ ಮೂರು ಟೆಲಿಗ್ರಾಮಿಗಿಂತ ಇದು ಹೆಚ್ಚು ಹೆದರಿಸ್ತು ನನ್ನನ್ನ.

ಹಾಗಾಗಿ ಕೇಳುವಾಗ ದುಃಖ ಕೇಳ್ಬೇಡಿ, ದಿನಚರಿ ಕೇಳಿ. ಎಂತ ತಿಂದ್ರಿ, ಯಾರ ಹತ್ರ ಮಾತಾಡೋದು ಬಿಟ್ರಿ, ಮನೆಯಿಂದ ಮೊದಲು ಹೊರಗೆ ಹೋದ ಸಾಮಾನು ಯಾವುದು, ಇಂಥದ್ದು. ಫೋನಲ್ಲಿ ರೆಕಾರ್ಡ್ ಮಾಡೋದಾದ್ರೆ ಕೇಳಿ ಮಾಡಿ, ಅವರ ಹೆಸರು ನಾಟಕದಲ್ಲಿ ತರಬೇಡಿ. ಅವರು ಅಳೋಕೆ ಶುರು ಮಾಡಿದ್ರೆ ಅಲ್ಲಿಗೆ ನಿಲ್ಸಿ, ಚಾ ಕುಡೀರಿ, ಮನೆಗೆ ಬನ್ನಿ.

ಹೆಜ್ಜೆ 2: "ನಾನು ಮಾತ್ರ ಇದು ಮಾಡೂದಿಲ್ಲ"

ಬದಲಾವಣೆ ಕಾಣ್ಬೇಕಾದ್ರೆ ಮೊದಲು ಹೇಗಿದ್ದ ಅಂತ ಗೊತ್ತಿರ್ಬೇಕಲ್ಲ. ತುಂಬಾ ಜನ ಪರದೆ ಏಳೋ ಹೊತ್ತಿಗೇ ಪಾತ್ರವನ್ನ ಕಷ್ಟದಲ್ಲಿ ಕೂರಿಸಿರ್ತಾರೆ, ಹರಿದ ಅಂಗಿ, ಕೆಮ್ಮು, ಲಾಟೀನು. ಅಲ್ಲಿಂದ ಅವ ಇನ್ನೆಲ್ಲಿಗೆ ಇಳೀಬೇಕು? ಒಂದು ಸೀನಾದ್ರೂ ಅವನನ್ನ ಸುಖವಾಗಿ ಇರೋಕೆ ಬಿಡಿ, ಪಗಾರದ ದಿನ ತೋರಿಸಿ, ಅವ ಯಾರಿಗೋ ತಮಾಷೆ ಮಾಡ್ಲಿ, ಸ್ವಲ್ಪ ಜಂಬ ಇರ್ಲಿ.

ಆ ಜಂಬದಲ್ಲೇ ಒಂದು ಮಾತು ಅವನ ಬಾಯಿಂದ ಬರ್ಬೇಕು, ನಾನು ಮಾತ್ರ ಇದು ಮಾಡೂದಿಲ್ಲ ಅಂತ. ನನ್ನ ಭೋಜ ಹೇಳೋದು, "ಉಧಾರಿ ಅನ್ನ ನನ್ನ ಗಂಟಲಲ್ಲಿ ಇಳಿಯೂದಿಲ್ಲ," ಉಧಾರಿ ಅಂದ್ರೆ ಸಾಲ. ಗಿರಿಜಕ್ಕನದ್ದು, "ನನ್ನ ಮೆಟ್ಟಿಲು ಹತ್ತಿದವ ಹಸಿದು ಇಳಿಯೂದಿಲ್ಲ." ಎರಡೂ ಒಂದೇ ಸೀನಲ್ಲಿ, ನಗ್ತಾ ನಗ್ತಾ ಹೇಳ್ಬೇಕು, ಭೀಷ್ಮ ಪ್ರತಿಜ್ಞೆ ಥರ ಕೈ ಎತ್ತಿ ಹೇಳಿದ್ರೆ ಪ್ರೇಕ್ಷಕರಿಗೆ ಮುಂದಿನ ಕಥೆ ಎಲ್ಲ ಅಲ್ಲೇ ಗೊತ್ತಾಗಿ ಹೋಗ್ತದೆ.

ಹರಿಶ್ಚಂದ್ರನ ಕಥೆ ನೋಡಿ, ನಮ್ಮೋರಿಗೆ ಇದಕ್ಕಿಂತ ದೊಡ್ಡ ಪಾಠ ಬೇಡ. ಅವನದ್ದು ಸುಳ್ಳು ಹೇಳೂದಿಲ್ಲ ಅನ್ನೋದೊಂದೇ. ಅದೊಂದನ್ನ ಹಿಡ್ಕೊಂಡು ರಾಜ್ಯ ಬಿಟ್ಟ, ಕಾಶಿಯಲ್ಲಿ ಹೆಂಡತಿ ಮಗನನ್ನ ಮಾರಿದ, ತನ್ನನ್ನೂ ವೀರಬಾಹುವಿಗೆ ಮಾರ್ಕೊಂಡ, ಕೊನೆಗೆ ಸುಡುಗಾಡಲ್ಲಿ ಮಗನ ಹೆಣ ತಂದ ಸ್ವಂತ ಹೆಂಡತಿ ಹತ್ರ ಸುಡೋ ತೆರಿಗೆ ಕೊಡು ಅಂತ ಕೇಳಿದ. ಎಲ್ಲರೂ ಹೇಳೋದು ಹರಿಶ್ಚಂದ್ರ ಬದಲಾಗಲೇ ಇಲ್ಲ, ಅದೇ ಅವನ ದೊಡ್ಡಸ್ತಿಕೆ ಅಂತ. ನನಗೆ ಹಾಗೆ ಅನ್ಸೂದಿಲ್ಲ. ಮಾತು ಬದಲಾಗ್ಲಿಲ್ಲ ಸರಿ, ಆದ್ರೆ ಅದಕ್ಕೆ ಕಟ್ಟೋ ಬೆಲೆ ಪ್ರತೀ ಸೀನಲ್ಲೂ ಏರ್ತಾ ಹೋಯ್ತು, ಮತ್ತೆ ಅದನ್ನ ಕಟ್ಟಿದ್ದು ಚಂದ್ರಮತಿ. ಅವಳ ಪಾರ್ಟ್ ಮಾಡೋರು ಇದನ್ನ ತಲೆಯಲ್ಲಿ ಇಟ್ಕೊಳ್ಳಿ.

ಹೆಜ್ಜೆ 3: ಕಷ್ಟ ಅಳೆಯೋಕೆ ಒಂದು ಅಳತೆ ಬೇಕು

ಇದು ಅಕೌಂಟ್ಸ್ ಬುದ್ಧಿ, ಆದ್ರೆ ನಾಟಕಕ್ಕೆ ಸಿಕ್ಕಾಪಟ್ಟೆ ಕೆಲಸಕ್ಕೆ ಬಂತು. ಕಷ್ಟ ಅನ್ನೋದು ಸ್ಟೇಜ್ ಮೇಲೆ ಕಾಣೂದಿಲ್ಲ, ಕಾಣೋದು ಕಡಿಮೆ ಆಗ್ತಾ ಹೋಗೋ ಒಂದು ವಸ್ತು. ಶೇಕ್ಸ್‌ಪಿಯರ್‌ನ ಲಿಯರ್ ರಾಜನಿಗೆ 100 ಜನ ಭಟರು ಇರ್ತಾರೆ, ಹೆಣ್ಮಕ್ಕಳಿಬ್ರೂ ಮೀನು ಮಾರ್ಕೆಟ್ ಥರ ಚೌಕಾಸಿ ಮಾಡಿ 50 ಸಾಕು ಅಂತಾರೆ, 25 ಅಂತಾರೆ, 10 ಯಾಕೆ, 5 ಯಾಕೆ, ಒಬ್ಬ ತಾನೆ ಯಾಕೆ ಅಂತಾರೆ. ಆ ಲೆಕ್ಕ ಕೇಳ್ತಾ ಕೇಳ್ತಾ ಮುದುಕನ ಮರ್ಯಾದೆ ನಮ್ಮ ಕಣ್ಣೆದುರೇ ಕರಗ್ತದೆ, ಮಳೆ ಗಾಳಿ ಬರೋದು ಆಮೇಲೆ.

ನಾನು ಹಿಡ್ಕೊಂಡದ್ದು ಅಕ್ಕಿ ಡಬ್ಬ. 15 ಕಿಲೋ ಎಣ್ಣೆ ಬರ್ತದಲ್ಲ ಆ ತಗಡಿನ ಡಬ್ಬ, ಬಾಯಿ ಕತ್ತರಿಸಿ ಮುಚ್ಚಳ ಮಾಡಿದ್ದು, ಒಳಗೆ ಅಕ್ಕಿ ಅಳೆಯೋ ಒಂದು ಪಾವು. ಗಿರಿಜಕ್ಕ ಮಾಡೋರು ಸ್ಕೂಲ್ ಟೀಚರು, ನಾವೆಲ್ಲ ಟೀಚರಕ್ಕ ಅಂತೇವೆ. ಮೊದಲ ಸೀನಲ್ಲಿ ಡಬ್ಬ ತುಂಬಾ ನಿಜವಾದ ಅಕ್ಕಿ ಹಾಕಿದ್ವು. ಟೀಚರಕ್ಕ ಪಾವು ಮುಳುಗಿಸಿ ತೆಗೀತಾರೆ, ಮೇಲೆ ಗೋಪುರ ಕಟ್ಟಿ, ಒಂದಷ್ಟು ಅಕ್ಕಿ ನೆಲಕ್ಕೆ ಚೆಲ್ಲಿದ್ರೂ ನೋಡೂದಿಲ್ಲ. ಮೂರನೇ ಸೀನಿಗೆ ಅಕ್ಕಿ ಅರ್ಧ, ಆಗ ಪಾವಿನ ಮೇಲೆ ಅಂಗೈ ಎಳೆದು ಸವರಿ ಮಟ್ಟಸ ಮಾಡ್ತಾರೆ, ಗೋಪುರ ಹೋಯ್ತು. ಐದನೇ ಸೀನಿಗೆ ಸವರಿದ ಪಾವಿನಿಂದಲೇ ಒಂದು ಮುಷ್ಟಿ ತೆಗೆದು ವಾಪಸ್ ಡಬ್ಬಕ್ಕೆ ಹಾಕ್ತಾರೆ. ಆರನೇ ಸೀನಲ್ಲಿ ಪಾವು ತಗಡಿನ ತಳಕ್ಕೆ ಉಜ್ಜಿ ಕರ್ರ್ ಅಂತ ಒಂದು ಸದ್ದು. ಅಷ್ಟೇ. ಆ ಸದ್ದಿಗೆ ಎರಡನೇ ಸಲದ ಶೋದಲ್ಲಿ ಹಾಲ್ ಪೂರ್ತಿ ಸ್ತಬ್ಧ, ಚಕ್ಕುಲಿ ತಿನ್ನೋರು ಯಾರೂ ಇರ್ಲಿಲ್ಲ.

ನಿಮ್ಮ ನಾಟಕಕ್ಕೆ ಅಕ್ಕಿಯೇ ಆಗ್ಬೇಕು ಅಂತಿಲ್ಲ. ಸೀಮೆಎಣ್ಣೆ ಆಗ್ಬಹುದು, ಕೈಬಳೆ ಆಗ್ಬಹುದು, ಲಾಕ್‌ಡೌನ್ ನಾಟಕ ಆದ್ರೆ ಮೊಬೈಲ್ ಬ್ಯಾಲೆನ್ಸು. ಒಂದು ದೊಡ್ಡ ಕಾಗದದ ಮೇಲೆ ಸೀನ್ ನಂಬರ್ ಹಾಕಿ, ಪ್ರತೀ ಸೀನಿನ ಎದುರು ಆ ವಸ್ತು ಎಷ್ಟು ಉಳೀತು ಅಂತ ಬರೀರಿ, ಪಕ್ಕದ ಕಾಲಮ್ಮಲ್ಲಿ ಆ ಕಾರಣಕ್ಕೆ ಪಾತ್ರ ಎಂತ ಮಾಡಿತು ಅಂತ ಬರೀರಿ. ಎರಡನೇ ಕಾಲಂ ಖಾಲಿ ಇದ್ದ ಸೀನ್ ಇದ್ರೆ ಅದನ್ನ ಕಿತ್ತು ಹಾಕಿ, ಅದು ಅಳೋ ಸೀನು. ನನ್ನ ಮೊದಲ ಡ್ರಾಫ್ಟಲ್ಲಿ ಹನ್ನೊಂದು ಸೀನಿತ್ತು, ಈಗ ಎಂಟು.

ಹೆಜ್ಜೆ 4: ನಕ್ಷತ್ರಿಕ ಎಲ್ಲಿ?

ಚಿಕ್ಕ ಹೆಜ್ಜೆ, ಆದ್ರೆ ಬಿಡಬೇಡಿ. ಮುಷ್ಕರ, ಬರ, ಯುದ್ಧ, ರೋಗ ಇವೆಲ್ಲ ಸ್ಟೇಜ್ ಮೇಲೆ ಬಂದು ಮಾತಾಡೂದಿಲ್ಲ. ಅದಕ್ಕೆ ಒಂದು ಮುಖ ಬೇಕು. ಹರಿಶ್ಚಂದ್ರನ ಮೇಲೆ ವಿಶ್ವಾಮಿತ್ರ ಸಾಲ ಹಾಕಿದ್ದು ಹೌದು, ಆದ್ರೆ ದಾರಿಯುದ್ದಕ್ಕೂ ಬೆನ್ನು ಬಿಡದೆ ಕಾಡಿದ್ದು ಅದನ್ನ ವಸೂಲಿ ಮಾಡೋಕೆ ಬಂದ ನಕ್ಷತ್ರಿಕ, ಅದಕ್ಕೇ ಇವತ್ತಿಗೂ ನಾವು ನಕ್ಷತ್ರಿಕನ ಕಾಟ ಅಂತೇವೆಯೇ ಹೊರತು ವಿಶ್ವಾಮಿತ್ರನ ಕಾಟ ಅನ್ನೂದಿಲ್ಲ. ನನ್ನ ನಾಟಕದಲ್ಲಿ ಭಾಡೆ ವಸೂಲಿಗೆ ಬರೋ ಒಬ್ಬ ಇದ್ದಾನೆ, ತುಂಬಾ ಒಳ್ಳೆಯವ, ಬೈಯೂದಿಲ್ಲ, ಬಾಗಿಲಲ್ಲಿ ಕೂತು ಚಾ ಕೇಳ್ತಾನೆ. ಕೆಟ್ಟವನನ್ನ ಹಾಕಿದ್ರೆ ಪಾತ್ರಕ್ಕೆ ಸಿಟ್ಟು ಮಾಡೋಕೆ ಒಂದು ದಾರಿ ಸಿಗ್ತದೆ. ಒಳ್ಳೆಯವನ ಎದುರು ಸಿಟ್ಟೂ ಮಾಡೋಕಾಗೂದಿಲ್ಲ, ಒಳಗೇ ಕುದೀಬೇಕು.

ಹೆಜ್ಜೆ 5: ಮೆಟ್ಟಿಲು ಇಳಿಸಿ, ಇಳಿದ ಮೆಟ್ಟಿಲನ್ನ ತೆಗೀರಿ

ಇಲ್ಲಿ ಸ್ವಲ್ಪ ನಿಧಾನ ಓದಿ. ಮನುಷ್ಯ ಒಂದೇ ಸಲ ಬದಲಾಗೂದಿಲ್ಲ. ಭೋಜ ಕೊನೆಗೆ ಮುಷ್ಕರ ಮುರಿದು ರಾತ್ರಿ ಹಿಂದಿನ ಗೇಟಿಂದ ಕೆಲಸಕ್ಕೆ ಹೋಗ್ತಾನೆ, ಅದು ನನಗೆ ಮೊದಲೇ ಗೊತ್ತಿತ್ತು, ಆದ್ರೆ ಪಗಾರದ ದಿನ ನಗ್ತಾ ಇದ್ದ ಭೋಜನನ್ನ ಆ ಗೇಟಿನ ತನಕ ಕರ್ಕೊಂಡು ಹೋಗೋದು ಹೇಗೆ ಅಂತ ಗೊತ್ತಿರ್ಲಿಲ್ಲ. ಆಮೇಲೆ ಮಾಡಿದ್ದು ಇಷ್ಟು. ಮೊದಲ ತಿಂಗಳು ಮನಿಯಾರ್ಡರ್ ಕಳಿಸೋಕೆ ಆಗ್ಲಿಲ್ಲ, ಇನ್‌ಲ್ಯಾಂಡ್ ಲೆಟರಲ್ಲಿ "ಇಲ್ಲಿ ಎಲ್ಲ ಸೌಖ್ಯ, ಪೋಸ್ಟಾಫೀಸಲ್ಲಿ ಗಲಾಟೆ ಉಂಟು" ಅಂತ ಬರೀತಾನೆ. ಸಣ್ಣ ಸುಳ್ಳು, ನಾವೂ ಬರೀತೇವೆ. ಆಮೇಲೆ ವಾಚು ಮಾರ್ತಾನೆ, ಭೋಂಗಾನೂ ಇಲ್ಲ ವಾಚೂ ಇಲ್ಲ, ಹೊತ್ತು ಹೋಯ್ತು ಅನ್ನೋದೇ ಗೊತ್ತಾಗೂದಿಲ್ಲ. ಆಮೇಲೆ ಉಧಾರಿ ಊಟ, ಅದನ್ನೂ ಎಲ್ಲರೂ ಎದ್ದು ಹೋದ ಮೇಲೆ ಬಂದು ಕತ್ತಲಲ್ಲಿ ಉಣ್ಣೋದು. ಆಮೇಲೆ ಖೋಲಿಯಲ್ಲಿ ಮಲಗಿದ ಸಣ್ಣ ಹುಡುಗನ ಪಾಲಿನ ಪಾವ್, ಅಂದ್ರೆ ಬ್ರೆಡ್ಡು, ತಿಂದು, ಬೆಕ್ಕು ತಿಂತು ಅಂತಾನೆ. ಪ್ರೇಕ್ಷಕರು ಅಲ್ಲಿ ನಗ್ತಾರೆ, ನಗ್ಲಿ. ಆಮೇಲೆ ಗೇಟು.

ಪ್ರತಿಯೊಂದು ಇಳಿದ ಮೇಲೆ ವಾಪಸ್ ಹತ್ತೋಕೆ ಆಗ್ಬಾರದು, ಇದು ಮುಖ್ಯ. ವಾಚು ಅಡವು ಇಟ್ರೆ ಬಿಡಿಸ್ಕೋಬಹುದು, ಹಾಗಾಗಿ ಮಾರಿಸಿದೆ. ಹುಡುಗನಿಗೆ ಸುಳ್ಳು ಗೊತ್ತಾಗದೇ ಇದ್ರೆ ಭೋಜ ಮತ್ತೆ ಮೊದಲಿನ ಹಾಗೇ ಇರಬಹುದು, ಹಾಗಾಗಿ ಹುಡುಗ ಮಲಗಿದ್ದಲ್ಲೇ ಕಣ್ಣು ಬಿಟ್ಟು ನೋಡ್ತಾನೆ, ಮಾತಾಡೂದಿಲ್ಲ, ಮಾರನೇ ದಿನ ಹಾಸಿಗೆ ಸ್ವಲ್ಪ ಆಚೆ ಹಾಕ್ತಾನೆ.

ಇನ್ನೊಂದು ವಿಷಯ, ಪ್ರತೀ ಮೆಟ್ಟಿಲಲ್ಲಿ ಎರಡು ತಪ್ಪು ದಾರಿ ಇಡಿ. ಒಂದು ಸರಿ ಒಂದು ತಪ್ಪು ಇಟ್ರೆ ಅದು ನೀತಿಪಾಠ ಆಗ್ತದೆ. ಮುಷ್ಕರ ಮುರಿದ್ರೆ ಜೊತೆಯವರಿಗೆ ದ್ರೋಹ, ಮುರೀದಿದ್ರೆ ಊರಲ್ಲಿ ಮಗಳ ಶಾಲೆ ನಿಲ್ತದೆ. ಯಾವುದು ಸರಿ? ನನಗೆ ಇವತ್ತಿಗೂ ಗೊತ್ತಿಲ್ಲ, ನಮ್ಮ ತಂಡದಲ್ಲೇ ಇದರ ಮೇಲೆ ದಾದರ್ ಸ್ಟೇಷನ್ ಬ್ರಿಜ್ ಮೇಲೆ ನಿಂತು ಜಗಳ ಆಗಿ ಇಬ್ರು ಒಂದು ವಾರ ಮಾತು ಬಿಟ್ಟಿದ್ರು. ಒಳ್ಳೇ ಲಕ್ಷಣ ಅದು.

ಇನ್ನು ಬೆಳೆಯೋದು ಅಂದ್ರೆ ಒಳ್ಳೆಯವ ಆಗೋದು ಅಂತ ತಿಳ್ಕೋಬೇಡಿ ದಯವಿಟ್ಟು. ಗಿರಿಜಕ್ಕ ಮೊದಲು ಯಾರಿಗೂ ಇಲ್ಲ ಅನ್ನದವಳು. ಅಕ್ಕಿ ಮುಗೀತಾ ಬಂದಾಗ ಅವಳು ಕಲಿಯೋದು ಇಲ್ಲ ಅನ್ನೋದನ್ನ. ಮೂವತ್ತು ಜನರಲ್ಲಿ ಯಾರಿಗೆ ಹಾಕೋದು, ಯಾರಿಗೆ ಬಿಡೋದು, ಊರಿಗೆ ಹೋಗೋಕೆ ಗದ್ದೆ ಇದ್ದೋರನ್ನ ಊರಿಗೆ ಹೋಗಿ ಅಂತ ದಬ್ಬಿ, ಎಲ್ಲೂ ಹೋಗೋಕೆ ಇಲ್ಲದೋರಿಗೆ ಅನ್ನ ಇಟ್ಳು. ಆ ಸೀನಲ್ಲಿ ಅವಳು ಕೆಟ್ಟವಳ ಥರ ಕಾಣ್ತಾಳೆ. ಇಡೀ ನಾಟಕದಲ್ಲಿ ಅವಳು ಹೆಚ್ಚು ಬೆಳೆದದ್ದು ಅಲ್ಲೇ ಅಂತ ನನ್ನ ಲೆಕ್ಕ.

ಹೆಜ್ಜೆ 6: ಮಾತಲ್ಲಿ ತೋರಿಸಿ, ಭಾಷಣದಲ್ಲಿ ಅಲ್ಲ

"ನಾನು ಮೊದಲಿನ ಭೋಜ ಅಲ್ಲ" ಅಂತ ಪಾತ್ರ ಬಾಯಿಬಿಟ್ಟು ಹೇಳಿತೋ, ನಾಟಕ ಅಲ್ಲಿಗೆ ಸತ್ತಿತು. ಕನ್ನಡದಲ್ಲಿ ನಮಗೆ ಒಂದು ಸುಲಭದ ಉಪಾಯ ಉಂಟು, ನೀನು ನೀವು. ಮತ್ತೆ ಅಕ್ಕ ಅಣ್ಣ ಅನ್ನೋ ಕರೆಯೋ ಹೆಸರು. ಒಂದೇ ಸಂದರ್ಭವನ್ನ ಎರಡು ಸಲ ಇಡಿ, ಕಷ್ಟದ ಮೊದಲು ಒಂದು ಸಲ, ನಂತರ ಒಂದು ಸಲ. ನನ್ನಲ್ಲಿ ದುಡ್ಡು ಕೊಡೋ ಸೀನ್ ಎರಡು ಸಲ ಬರ್ತದೆ. ಒಂದನೇ ಸೀನಲ್ಲಿ ಹೀಗೆ:

ಭೋಜ: ಗಿರಿಜಕ್ಕ, ಹಿಡೀರಿ ಈ ತಿಂಗಳದ್ದು. ಎಣಿಸ್ಕೊಳ್ಳಿ ಮತ್ತೆ.
ಗಿರಿಜಕ್ಕ: ನಿನ್ನ ದುಡ್ಡು ಎಣಿಸೂದೆಂತಕ್ಕೆ ಮಾರಾಯ. ಕೂತ್ಕೋ, ಮೀನು ಸಾರು ಬಿಸಿ ಉಂಟು.

ಏಳನೇ ಸೀನಲ್ಲಿ, ಅವ ಗೇಟಿನ ಒಳಗೆ ಹೋಗಿ ಬಂದ ಮೇಲೆ:

ಭೋಜ: ಇದು... ಬಾಕಿಯದ್ದು.
(ಗಿರಿಜಕ್ಕ ಒಂದೊಂದೇ ನೋಟು ಎಣಿಸ್ತಾಳೆ.)
ಗಿರಿಜಕ್ಕ: ಸರಿ ಉಂಟು. ನಿಮ್ಮ ಲೆಕ್ಕ ಮುಗೀತು.

ನೀನು ಇದ್ದದ್ದು ನೀವು ಆಯ್ತು ನೋಡಿ, ಮರ್ಯಾದೆ ಕೊಟ್ಟು ಬಾಗಿಲು ಹಾಕೋದು ಅಂದ್ರೆ ಇದೇ. ಕೂತ್ಕೋ ಅನ್ನೂದಿಲ್ಲ. ದುಡ್ಡು ಬೇಡ ಅಂತಾನೂ ಅನ್ನೂದಿಲ್ಲ, ಅವಳಿಗೂ ಅಕ್ಕಿ ತರ್ಬೇಕು. ಮೊದಲ ಡ್ರಾಫ್ಟಲ್ಲಿ ಇಲ್ಲಿ ಗಿರಿಜಕ್ಕನಿಗೆ ಒಂದೂವರೆ ಪೇಜ್ ಡೈಲಾಗ್ ಇತ್ತು, ದ್ರೋಹ, ಒಗ್ಗಟ್ಟು, ಕಾರ್ಮಿಕರ ರಕ್ತ ಅಂತೆಲ್ಲ. ಟೀಚರಕ್ಕನೇ ಪೆನ್ನು ತಗೊಂಡು ಅಡ್ಡಗೆರೆ ಎಳೆದ್ರು, ನಾನು ಎರಡು ದಿನ ಮುಖ ಊದಿಸ್ಕೊಂಡಿದ್ದೆ.

ಲಿಯರ್‌ದೂ ನೋಡಿ, ನಾಟಕ ಶುರುವಾಗುವಾಗ ಬಾಯಿ ತೆರೆದ್ರೆ ಆಜ್ಞೆ. ಕೊನೆಗೆ ಮಗಳ ಹೆಣ ಎದುರಿಟ್ಕೊಂಡು ಅಂಗಿ ಗುಂಡಿ ಬಿಚ್ಚಿ ಕೊಡಿ ಅಂತ ಪಕ್ಕದವನನ್ನ ವಿನಂತಿ ಮಾಡ್ತಾನೆ, ಮಾಡಿದ್ದಕ್ಕೆ ಧನ್ಯವಾದವನ್ನೂ ಹೇಳ್ತಾನೆ. ರಾಜ ಒಬ್ಬ ಗುಂಡಿಗೆ ಥ್ಯಾಂಕ್ಸ್ ಹೇಳೋಷ್ಟು ದೂರ ಬಂದದ್ದು, ಅದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ.

ಹೆಜ್ಜೆ 7: ಪಾರ್ಟ್ ಮಾಡೋರಿಗೆ, ಕಣ್ಣೀರು ಎಂಟರಲ್ಲಿ ಒಂದು ಮಾತ್ರ

ನಾಟ್ಯಶಾಸ್ತ್ರದಲ್ಲಿ ಸಾತ್ವಿಕ ಭಾವ ಅಂತ ಎಂಟು ಹೇಳ್ತಾರೆ, ಸ್ತಂಭ, ಸ್ವೇದ (ಬೆವರು), ರೋಮಾಂಚ, ಸ್ವರಭೇದ, ಕಂಪ (ನಡುಕ), ವೈವರ್ಣ್ಯ (ಮುಖ ಬಿಳಚೋದು), ಅಶ್ರು (ಕಣ್ಣೀರು), ಪ್ರಲಯ (ಎಚ್ಚರ ತಪ್ಪೋದು). ಮೈ ತನ್ನಷ್ಟಕ್ಕೆ ತೋರಿಸೋದು ಇವೆಲ್ಲ. ನಮ್ಮ ಕ್ಯಾಶಿಯರಣ್ಣ ಹಿಡ್ಕೊಂಡದ್ದು ಏಳನೇದು ಒಂದನ್ನೇ. ಅವರಿಗೆ ಹೇಳಿದೆ, ಅಣ್ಣ ಈ ಸಲ ಅಶ್ರು ಬಂದ್, ಬಾಕಿ ಏಳು ನಿಮ್ಮದೇ. ಸ್ತಂಭ ಅಂದ್ರೆ ಮರಗಟ್ಟೋದು, ಅವರು ಹೋಟೆಲ್ ಗಲ್ಲೆಯಲ್ಲಿ ಬಿಲ್ ತಪ್ಪಿದಾಗ ಹೇಗೆ ಕೈ ನಿಂತು ಹೋಗ್ತದೋ ಅದನ್ನ ತಂದ್ರು. ಸ್ವರಭೇದ ಅಂದ್ರೆ ಗಂಟಲು ಒಡೆಯೋದು, ಗಟ್ಟಿ ಕೂಗೋದು ಅಲ್ಲ, ಮಾತಿನ ನಡುವೆ ದನಿ ಎಲ್ಲೋ ಹೋಗಿ ಮತ್ತೆ ಸಿಗೋದು.

ಹಸಿವು ಆಡೋದು ಹೇಗೆ ಅಂತ ಸುಮಾರು ಜನ ಕೇಳ್ತಾರೆ. ಹೊಟ್ಟೆ ಹಿಡ್ಕೊಂಡು ಬಗ್ಗೋದು ಬೇಡವೇ ಬೇಡ. ಅಮೆರಿಕದ ಮಿನೆಸೋಟ ಯೂನಿವರ್ಸಿಟಿಯಲ್ಲಿ 1944-45ರಲ್ಲಿ ಒಂದು ಪ್ರಯೋಗ ಆಗಿತ್ತು, 36 ಗಂಡಸರು ತಾವಾಗಿ ಒಪ್ಪಿ 24 ವಾರ ಅರೆಹೊಟ್ಟೆ ಊಟದಲ್ಲಿದ್ರು, ತೂಕ ಸುಮಾರು ಕಾಲು ಭಾಗ ಇಳೀತು. ಅವರು ಮಾಡ್ತಿದ್ದದ್ದು ಎಂತ, ಅಡುಗೆ ಪುಸ್ತಕ ಸೇರಿಸಿ ಓದೋದು, ಇಪ್ಪತ್ನಾಲ್ಕು ಗಂಟೆ ಊಟದ್ದೇ ಮಾತು, ತಟ್ಟೆ ನೆಕ್ಕೋದು, ಸಣ್ಣ ಸಣ್ಣದಕ್ಕೆ ಸಿಡುಕೋದು, ಯಾವಾಗ್ಲೂ ಚಳಿ ಚಳಿ ಅನ್ನೋದು, ಗೆಳೆಯರಿಂದ ದೂರ ಕೂರೋದು. ಇದನ್ನ ಓದಿದ ಮೇಲೆ ನಾನು ಐದನೇ ಸೀನ್ ಪೂರ್ತಿ ಬದಲಾಯಿಸಿದೆ. ಖೋಲಿಯಲ್ಲಿ ನಾಲ್ಕು ಜನ ಗಂಡಸರು ಕೂತು ಊರಿನ ಕೋಳಿ ಸಾರು ಹೇಗೆ ಮಾಡೋದು ಅಂತ ಜಗಳ ಆಡ್ತಾರೆ, ಕೊತ್ತಂಬರಿ ಮೊದಲು ಹುರೀಬೇಕಾ ಮೆಣಸು ಮೊದಲು ಹುರೀಬೇಕಾ, ನಿನ್ನ ಅಮ್ಮನಿಗೆ ಎಂತ ಗೊತ್ತು ಅಂತ ಒಬ್ಬ, ಕೈ ಕೈ ಮಿಲಾಯಿಸೋ ತನಕ ಹೋಗ್ತದೆ. ಹಸಿವು ಅನ್ನೋ ಶಬ್ದ ಆ ಸೀನಲ್ಲಿ ಇಲ್ಲ.

ಡ್ರೆಸ್ಸಿಗೆ ಒಂದು ಅಗ್ಗದ ಉಪಾಯ ಹೇಳ್ತೇನೆ. ಕಣ್ಣಿನ ಕೆಳಗೆ ಕಪ್ಪು ಬಳಿಯೋದು ಬೇಡ, ಹಿಂದಿನ ಸಾಲಿಗೆ ಅದು ಕಾಣೂದೂ ಇಲ್ಲ, ಮುಂದಿನ ಸಾಲಿಗೆ ಪಾಂಡಾ ಥರ ಕಾಣ್ತದೆ. ಒಂದೇ ಬಟ್ಟೆಯ ಎರಡು ಅಂಗಿ ಹೊಲಿಸಿ, ಒಂದು 38 ಸೈಜು, ಒಂದು 42. ನಾಲ್ಕನೇ ಸೀನಿಂದ ದೊಡ್ಡದು ಹಾಕ್ಸಿ. ಭುಜದ ಹೊಲಿಗೆ ಕೆಳಗೆ ಜಾರಿದ್ದು ನೋಡಿದ ಕೂಡ್ಲೇ ಮನುಷ್ಯ ಸೊರಗಿದ ಅಂತ ಕಣ್ಣಿಗೆ ಗೊತ್ತಾಗ್ತದೆ.

ಬದಲಾಗದವರನ್ನೂ ಒಬ್ಬರನ್ನ ಇಡಿ

ಇದಕ್ಕೆ ನಂಬರ್ ಕೊಡ್ಲಿಲ್ಲ, ಎಲ್ಲ ನಾಟಕಕ್ಕೂ ಬೇಕಾಗೂದಿಲ್ಲ. ಜರ್ಮನ್ ನಾಟಕಕಾರ ಬ್ರೆಕ್ಟ್ 1939ರಲ್ಲಿ ಬರೆದ ಮದರ್ ಕರೇಜ್‌ನಲ್ಲಿ ಯುದ್ಧದ ಹಿಂದೆ ಗಾಡಿ ಎಳ್ಕೊಂಡು ವ್ಯಾಪಾರ ಮಾಡೋ ತಾಯಿ ಮೂರೂ ಮಕ್ಕಳನ್ನ ಅದೇ ಯುದ್ಧಕ್ಕೆ ಕಳ್ಕೊಳ್ತಾಳೆ, ಕೊನೆಗೆ ಮತ್ತೆ ಅದೇ ಗಾಡಿ ಎಳ್ಕೊಂಡು ಸೈನ್ಯದ ಹಿಂದೆ ಹೋಗ್ತಾಳೆ. ಏನೂ ಕಲಿಯೂದಿಲ್ಲ ಅವಳು, ಕಲಿಯೋದು ನೋಡಿದೋರಿಗೆ ಬಿಟ್ಟದ್ದು. ಕಷ್ಟ ಪಟ್ಟೋರೆಲ್ಲ ಜ್ಞಾನಿ ಆಗ್ತಾರೆ ಅನ್ನೋದು ಸುಳ್ಳು, ನಮ್ಮ ನಿಮ್ಮ ಮನೆಯಲ್ಲೇ ಎಷ್ಟು ಜನ ಇಲ್ಲ. ಖೋಲಿಯಲ್ಲಿ ಒಬ್ಬನನ್ನ ಮೊದಲಿನಿಂದ ಕೊನೆ ತನಕ ಇಸ್ಪೀಟ್ ಆಡ್ತಾ ಕೂರಿಸಿದ್ದೇನೆ, ಅವನ ಪಕ್ಕ ಭೋಜ ಎಷ್ಟು ಇಳಿದ ಅಂತ ಅಳತೆ ಸಿಗ್ತದೆ.

ಹೆಜ್ಜೆ 8: ರಿಹರ್ಸಲ್

ನಮ್ಮಂಥೋರ ಪಾಡು ಗೊತ್ತಲ್ಲ, ಒಬ್ರಿಗೆ ಸೋಮವಾರ ಡ್ಯೂಟಿ, ಒಬ್ರು ಡೊಂಬಿವಲಿಯಿಂದ ಬರ್ಬೇಕು, ಇನ್ನೊಬ್ರಿಗೆ ಲಾಸ್ಟ್ ಲೋಕಲ್. ಹಾಗಾಗಿ ಯಾರು ಸಿಕ್ಕಿದ್ರೋ ಆ ಸೀನು ಅಂತ ಹಿಂದೆ ಮುಂದೆ ಮಾಡ್ತೇವೆ. ಬೇರೆ ನಾಟಕಕ್ಕೆ ನಡೀತದೆ, ಇಂಥ ನಾಟಕಕ್ಕೆ ಅದು ವಿಷ. ಏಳನೇ ಸೀನ್ ಮೊದಲು ಮಾಡಿ ಎರಡನೇದು ಆಮೇಲೆ ಮಾಡಿದ್ರೆ ನಟನ ಮೈಯಲ್ಲಿ ಏಳನೇದರ ಭಾರ ಎರಡನೇದರಲ್ಲೂ ಉಳೀತದೆ, ಪಗಾರದ ದಿನವೇ ಶೋಕಾಚರಣೆ. ಅಂಥ ದಿನ ಶುರು ಮಾಡೋ ಮೊದಲು ಆ ದೊಡ್ಡ ಕಾಗದ ಗೋಡೆಗೆ ಹಚ್ಚಿ, ನಟ ತಾನೇ ಗಟ್ಟಿಯಾಗಿ ಓದ್ಲಿ, ನನ್ನ ಹತ್ರ ಈಗ ಎಂತ ಉಂಟು, ಯಾವ ಮೆಟ್ಟಿಲಲ್ಲಿ ಇದ್ದೇನೆ, ಯಾರಿಗೆ ಸುಳ್ಳು ಹೇಳಿದ್ದೇನೆ ಅಂತ. ಎರಡು ನಿಮಿಷದ ಕೆಲಸ. ಶೋಗೆ ಮೊದಲಿನ ಎರಡು ವಾರ ಮಾತ್ರ ಏನೇ ಆಗ್ಲಿ ಒಂದರಿಂದ ಎಂಟು ಸಾಲಾಗಿ ಮಾಡಿ.

ನೆಲದಲ್ಲಿ ಖೋಲಿಯ ಅಳತೆಗೆ ಟೇಪ್ ಹಚ್ಚಿ, ನಾವು 10 ಅಡಿ 12 ಅಡಿ ಹಚ್ಚಿದ್ವು. ಎಂಟು ಜನ ಅದರೊಳಗೆ ಕೂತ್ರೆ ಯಾರೂ ನಾಟಕದ ಥರ ಕೈ ಬೀಸೋಕೇ ಆಗೂದಿಲ್ಲ, ಅರ್ಧ ಅತಿನಟನೆ ಅಲ್ಲೇ ಹೋಗ್ತದೆ.

ಕೊನೆಯ ಸೀನ್

ಇಲ್ಲಿ ನಾನು ತುಂಬಾ ಒದ್ದಾಡಿದೆ. ಆ ಮುಷ್ಕರ ಒಂದು ವರ್ಷಕ್ಕೂ ಮೇಲೆ ಎಳೀತು, ಅಧಿಕೃತವಾಗಿ ಯಾರೂ ಅದನ್ನ ವಾಪಸ್ ತಗೊಳ್ಲೇ ಇಲ್ಲ, ಒಂದು ಲಕ್ಷಕ್ಕಿಂತ ಹೆಚ್ಚು ಜನರ ಕೆಲಸ ಹೋಗಿ ಎಷ್ಟೋ ಮಿಲ್ಲು ಮತ್ತೆ ಬಾಗಿಲು ತೆಗೀಲಿಲ್ಲ. ಮುಗಿದ ದಿನ ಅಂತ ಇಲ್ಲದ ಕಷ್ಟಕ್ಕೆ ಪರದೆ ಎಲ್ಲಿ ಎಳೀಬೇಕು? ಪ್ರತೀ ಪಾತ್ರಕ್ಕೂ ಒಂದೊಂದು ಸಣ್ಣ ಕೆಲಸ ಹುಡುಕಿ, ಮೊದಲನೇ ಸೀನಲ್ಲಿ ಅವರು ಮಾಡದೇ ಇರ್ತಿದ್ದದ್ದು. ಭೋಜನಿಗೆ ಅದು ಸಿಕ್ತು, ಇನ್‌ಲ್ಯಾಂಡ್ ಲೆಟರು. "ಇಲ್ಲಿ ಎಲ್ಲ ಸೌಖ್ಯ" ಅಂತ ಬರೆದು, ಹೊಡೆದು ಹಾಕಿ, ನಡೆದದ್ದನ್ನ ನಡೆದ ಹಾಗೆ ಬರೀತಾನೆ, ಪಾವ್ ತಿಂದದ್ದನ್ನೂ ಸೇರಿಸಿ.

ಗಿರಿಜಕ್ಕನಿಗೆ ನಾನು ಏನೂ ಬರ್ದಿರ್ಲಿಲ್ಲ. ಅವಳಿಗೆ ಹೊಸ ಅಕ್ಕಿ ಮೂಟೆ ಬರ್ತದೆ, ಡಬ್ಬ ತುಂಬಿಸ್ತಾಳೆ, ಒಲೆ ಹಚ್ತಾಳೆ, ಅಷ್ಟೇ ಇದ್ದದ್ದು. ಗ್ರ್ಯಾಂಡ್ ರಿಹರ್ಸಲ್ ದಿನ ಟೀಚರಕ್ಕ ಡಬ್ಬ ಬಾಯಿ ತನಕ ತುಂಬಿಸಿದ್ರು, ಪಾವು ಮುಳುಗಿಸಿ ಗೋಪುರ ಎತ್ತಿದ್ರು, ಸ್ವಲ್ಪ ಹೊತ್ತು ಅದನ್ನೇ ನೋಡಿದ್ರು, ಆಮೇಲೆ ಅಂಗೈ ಎಳೆದು ಸವರಿದ್ರು, ಸವರಿದ್ದರಿಂದ ಒಂದು ಮುಷ್ಟಿ ತೆಗೆದು ಡಬ್ಬಕ್ಕೆ ವಾಪಸ್ ಹಾಕಿ ಮುಚ್ಚಳ ಮುಚ್ಚಿದ್ರು. ನೆಲಕ್ಕೆ ಬಿದ್ದಿದ್ದ ನಾಲ್ಕು ಕಾಳು ಹೆಕ್ಕೋಕೆ ಕೂತ್ರು. ನಾನು ಲೈಟ್ ಆಫ್ ಮಾಡು ಅಂತ ಲೈಟಿನ ಹುಡುಗನಿಗೆ ಕೈ ಮಾಡಿದೆ.